ಮೆರ್ರಿ ಸನ್ ಕಂಪನಿಯ ಶೋಕಗೀತೆ

ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ಜೂಲಿಯನ್ ಬೂಟುಗಾಲು ತೂರಿಸಿದ.

"ಥರ್ಕೆಲ್ ಒಳಗೇ ಇದ್ದಾರೆ. ನಂಗೊತ್ತು, ನೆವಿಲ್."

"ಇಲ್ಲ. ಅವರು ಯಾರನ್ನೂ ನೋಡಲ್ಲ."

"ಇಲ್ದೇ ಇರೋರು ನೋಡೋದೇನು, ಬಿಡೋದೇನು?"

ನೆವಿಲ್ ಬ್ಲೆಂಕಿನ್ ಬೆವೆತ. ಗ್ರಿಮ್ಸ್‌ಬಿ ಬಂದರಿನ ಹಿಂದಿನ ಬೀದಿಯ ಆ ಪುಟ್ಟ ಮನೆ ಅವನ ಸೋದರತ್ತೆ ಹಿಲ್ಡಾಳದು. ಅದರ ಮುಂದಿನ ಕೋಣೆಯೇ ಅವನ ಮೆರ್ರಿ ಸನ್ ರೆಕಾರ್ಡ್ ಕಂಪನಿ. ಕಂಪನಿಯ ಅನ್ನವೆಲ್ಲ ಒಂದೇ ಕಂಠದಿಂದ ಬರುತ್ತಿತ್ತು: ಥರ್ಕೆಲ್. ಗೋರಿಯೊಳಗಿಂದ ಎದ್ದು ಬಂದಂಥ ದನಿ. ಆ ದನಿಯ ಮುಖ ಯಾವುದೆಂದು ಹೊರಗಿನ ಒಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ಪತ್ತೆ ಮಾಡಲೆಂದೇ ಲಂಡನ್ನಿನ ಸಂಗೀತ ವಾರಪತ್ರಿಕೆಯ ಜೂಲಿಯನ್, ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟು ಬಂದಿದ್ದ.

ಒಳಗೆ ಕೆಟಲ್ ಕಿರುಚಿತು. ಪಂಜರದ ಪುಟಾಣಿ ಗಿಳಿ ಅದಕ್ಕೆ ಉತ್ತರ ಕೊಟ್ಟಿತು.

"ಚಳೀಲಿ ಯಾರನ್ನ ನಿಲ್ಲಿಸ್ಕೊಂಡಿದೀಯೋ? ಕರಿ ಒಳಗೆ, ಟೀ ಆಗಿದೆ," ಎಂದಳು ಅತ್ತೆ.

ಜೂಲಿಯನ್ ಟೀ ಹಿಡಿದು ನೇರವಾಗಿ ವಿಷಯಕ್ಕೆ ಬಂದ. "ಅಮ್ಮಾ, ಥರ್ಕೆಲ್ ಅವರನ್ನ ನೀವು ನೋಡಿದೀರಾ?"

"ದಿನಾ ನೋಡ್ತೀನಪ್ಪ. ಬೆಳಿಗ್ಗೆ ತಲೆ ಬಾಚೋದೂ ನಾನೇ."

"ಅಯ್ಯೋ. ಊಟ?"

"ನಾನೇ ತಿನ್ನಿಸ್ಬೇಕು. ಈ ಮನೇಲಿ ಇನ್ಯಾರಿದಾರೆ?"

"ಓಡಾಡ್ತಾರಾ?"

"ಮಂಡಿನೋವು. ಮೆಟ್ಟಿಲು ಹತ್ತೋವಾಗ ದೇವರೇ ಗತಿ."

ಜೂಲಿಯನ್ ಕಣ್ಣೊರೆಸಿಕೊಂಡ. ನೆವಿಲ್ ಟೀ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ. ಥರ್ಕೆಲ್ ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಮುಂದಿನ ವಾರ ಅಚ್ಚಾಯಿತು. ರೆಕಾರ್ಡುಗಳು ಬಿಸಿ ಬಿಸಿ ದೋಸೆಯಂತೆ ಖರ್ಚಾದವು.

ಈ ವೈಭವ ಬಂದ ಬಗೆ ನೆನೆದರೆ ನೆವಿಲ್‌ಗೆ ನಗುವೂ ಭಯವೂ ಒಟ್ಟಿಗೇ ಬರುತ್ತಿದ್ದವು. ಮೀನು ವ್ಯಾಪಾರ ಬಿಟ್ಟು, ಇದ್ದದ್ದನ್ನೆಲ್ಲ ಸುರಿದು ಅವನು ಒಂದು ಹಾಡಿನ ರೆಕಾರ್ಡು ಹೊರತಂದಿದ್ದ. ನಡುವೆ ನಗುವ ಸೂರ್ಯನ ಚಿತ್ರ. ನಾಯಿಯೂ ಮೂಸಲಿಲ್ಲ. ಒಂದು ಸಂಜೆ ರೇಡಿಯೊದವನೊಬ್ಬ ಅದನ್ನು ಹಾಕಿದ. ಕೇಳುತ್ತ ಕೇಳುತ್ತ ನೆವಿಲ್‌ನ ಮೈ ಉರಿಯಿತು. ರೇಡಿಯೊದವನ ಗ್ರಹಚಾರ ಬಿಡಿಸಲೆಂದೇ ಫೋನು ಎತ್ತಿಕೊಂಡ. ಎಷ್ಟು ಹೊತ್ತಾದರೂ ಲೈನು ಸಿಗಲಿಲ್ಲ.

"ಜನ ಅಳ್ತಾ ಅಳ್ತಾ ಫೋನ್ ಮಾಡ್ತಿದಾರೆ ಸ್ವಾಮಿ," ಎಂದರು ಕೊನೆಗೆ ಆ ಕಡೆಯಿಂದ. "ಈ ರೆಕಾರ್ಡು ಎಲ್ಲಿ ಸಿಗುತ್ತೆ?"

ನೆವಿಲ್ ಬೈಗುಳ ನುಂಗಿಕೊಂಡು ವಿಳಾಸ ಹೇಳಿದ. ಮರುದಿನ ಮುದ್ರಣಾಲಯಕ್ಕೆ ಹೋಗಿ ರೆಕಾರ್ಡಿನ ಚೀಟಿಯ ಮೇಲೆ ಒಂದು ಸಂಖ್ಯೆ ಬದಲಾಯಿಸಿ ಬಂದ. ಅತ್ತೆಯ ಗ್ರಾಮಫೋನನ್ನು ರಿಪೇರಿಗೆಂದು ಒಯ್ದ. ಅದು ಮತ್ತೆ ಮನೆಗೆ ಬರಲಿಲ್ಲ.

ವಿಮರ್ಶಕರು ಮುಗಿಬಿದ್ದರು. 'ಶುಕ್ರವಾರ ಬಂತು, ಬಾಣಲೆ ಕಾದಿದೆ, ಎಲ್ಲರೂ ಬನ್ನಿ' ಎಂಬ ಸಾಲು ನರಕದ ಕರೆ ಎಂದರು. ಹಿನ್ನೆಲೆಯ ಊಳು, ಸಾಯುತ್ತಿರುವ ಬಂದರನ್ನು ಬಿಟ್ಟು ಹೊರಟ ಕೊನೆಯ ಹಡಗಿನದಂತೆ. ನಡುನಡುವೆ ಕೂಗುವ ಗೂಬೆ ಯಾವ ಜಾತಿಯದೆಂದು ಜಗಳಾಡಿ ಇಬ್ಬರು ಪ್ರೊಫೆಸರುಗಳು ಮಾತು ಬಿಟ್ಟರು. ನಗುವ ಸೂರ್ಯ ಮಾತ್ರ ಕ್ರೂರ ವ್ಯಂಗ್ಯವೆಂದು ಎಲ್ಲರೂ ಒಪ್ಪಿದರು. ಕಪ್ಪು ಬಟ್ಟೆಯ ಹುಡುಗ ಹುಡುಗಿಯರು ಬೀದಿಯಲ್ಲಿ ಮೇಣದಬತ್ತಿ ಹಿಡಿದು ನಿಲ್ಲತೊಡಗಿದರು. ಪಾಪ, ಯಾರ ಮನೆಯ ಮಕ್ಕಳೋ ಎಂದು ಅತ್ತೆ ಅವರಿಗೆಲ್ಲ ಕೇಕು ಹಂಚಿದಳು.

"ಹಾಡು ಕೇಳಿ ಜನ ಏನಂತಾರೋ?" ಎಂದು ಆಗಾಗ ಕೇಳುವಳು.

"ಕಣ್ಣಲ್ಲಿ ನೀರು ಬರುತ್ತೆ ಅಂತಾರೆ, ಅತ್ತೆ."

"ನಕ್ಕೂ ನಕ್ಕೂ ತಾನೆ? ಒಳ್ಳೇದು ಬಿಡು."



ಆಮೇಲೆ ಸಿ.ಡಿ. ಬಂತು. ಅಂಗಡಿಗಳು ಕಪ್ಪು ರೆಕಾರ್ಡುಗಳನ್ನು ಮೂಟೆ ಕಟ್ಟಿ ಹಿಂದಕ್ಕೆ ಕಳಿಸಿದವು. ನೆವಿಲ್ ಹೊಸ ಯಂತ್ರವನ್ನು ತಿರುಗಿಸಿ ಮುರುಗಿಸಿ ತಡಕಾಡಿದ. ಅವನು ಹುಡುಕಿದ್ದು ಅದರಲ್ಲಿರಲಿಲ್ಲ. ಅಷ್ಟರಲ್ಲಿ ಲಂಡನ್ನಿನ ದೊಡ್ಡ ಕಂಪನಿಯೊಂದು ಹೇಳಿ ಕಳಿಸಿತು: ಥರ್ಕೆಲ್ ಹಾಡಿದ ಮೂಲ ಟೇಪು ಕೊಟ್ಟರೆ ಸಿ.ಡಿ. ಮಾಡಿ ಮಾರುತ್ತೇವೆ. ಮೆರ್ರಿ ಸನ್ ಉಳಿಯಲು ಇದ್ದದ್ದು ಅದೊಂದೇ ದಾರಿ. ಇಲ್ಲದಿದ್ದರೆ ನೆವಿಲ್ ಮತ್ತೆ ಮೀನಿನ ಬುಟ್ಟಿ ಹೊರಬೇಕು.

ಅವನು ಹಲ್ ನಗರದ ಗೆಳೆಯನ ಸ್ಟುಡಿಯೊದಲ್ಲಿ ಇಡೀ ದಿನ ಕೂತು ಬೇರೊಂದು ಟೇಪು ತಯಾರಿಸಿದ. ಬದುಕಿದೆ ಎಂದುಕೊಂಡು ಸಿಳ್ಳೆ ಹಾಕುತ್ತ ಮನೆಗೆ ಬಂದ.

"ಲಂಡನ್ನಿನವರು ಬಂದಿದ್ರು," ಎಂದಳು ಅತ್ತೆ. "ಟೇಪು ಕೊಟ್ಟು ಕಳಿಸ್ದೆ."

"ಯಾವ ಟೇಪು?"

"ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬದಲ್ಲಿ ಬಚ್ಚಿಟ್ಟಿದ್ದೆಯಲ್ಲ, ಅದೇ. ಮೂಲ ಕೊಡಿ ಅಂದ್ರು, ಮೂಲಾನೇ ಕೊಟ್ಟೆ."

 ನೆವಿಲ್ ಓಡಿಹೋಗಿ ಲಂಡನ್ನಿನ ಕಂಪನಿಗೆ ಫೋನು ಮಾಡಿದ. "ಅಚ್ಚು ಹಾಕೋ ಮುಂಚೆ ಒಂದ್ಸಲ ಕೇಳಿ ನೋಡಿ ಸಾರ್."

"ಕೇಳೋದೇನ್ರೀ? ಇಡೀ ದೇಶಕ್ಕೇ ಬಾಯಿಪಾಠ ಆಗಿದೆ," ಎಂದರು ಅವರು.

ಬಿಡುಗಡೆಯ ದಿನ ಸಭಾಂಗಣದ ತುಂಬ ಕಪ್ಪು ಬಟ್ಟೆ. ಮುಂದಿನ ಸಾಲಿನಲ್ಲಿ ಜೂಲಿಯನ್ ಕರವಸ್ತ್ರ ಬಿಡಿಸಿಕೊಂಡು ಕೂತಿದ್ದ; ಅವನ ಹಿಂದೆ ನೆವಿಲ್ ಮತ್ತು ಅತ್ತೆ. ವೇದಿಕೆಯ ಮೇಲೆ ಥರ್ಕೆಲ್‌ಗೆಂದು ಹೂವಿನಿಂದ ಅಲಂಕರಿಸಿದ ಖಾಲಿ ಗಾಲಿಕುರ್ಚಿ. ಯಾರೋ ಗುಂಡಿ ಒತ್ತಿದರು.

ಕೆಟಲ್ ಕಿರುಚಿತು. ಪುಟಾಣಿ ಗಿಳಿ ಚಿಲಿಪಿಲಿಗುಟ್ಟಿತು. ಶುಕ್ರವಾರ ಬಂತು, ಬಾಣಲೆ ಕಾದಿದೆ, ಎಲ್ಲರೂ ಬನ್ನಿ ಎಂದು ಹೆಂಗಸೊಬ್ಬಳು ಕಿಲಕಿಲ ನಗುತ್ತ ಮೀನು ತಿನ್ನಲು ಕರೆದಳು. ಜೂಲಿಯನ್‌ನ ಕರವಸ್ತ್ರ ಕೆಳಗೆ ಬಿತ್ತು. ರೆಕಾರ್ಡಿನಲ್ಲಿ ನಾಲ್ಕು ನಿಮಿಷ ಇದ್ದ ಹಾಡು ಇಲ್ಲಿ ಮೂರೇ ನಿಮಿಷಕ್ಕೆ ಮುಗಿಯಿತು. ಮೆರ್ರಿ ಸನ್ ಕಂಪನಿಯೂ ಅದರ ಜೊತೆಗೇ ಮುಗಿಯಿತು. ಅತ್ತೆ ಮಂಡಿ ಹಿಡಿದುಕೊಂಡು ವೇದಿಕೆ ಹತ್ತಿ, ಗಾಲಿಕುರ್ಚಿಯಲ್ಲಿ ಹಾಯಾಗಿ ಕೂತು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಮಿಷಕ್ಕೆ ಮೂವತ್ತಮೂರು ಸುತ್ತಿನಲ್ಲಿ ನಿಧಾನಕ್ಕೆ ಓಡಿಸಿ ಇಷ್ಟು ವರ್ಷ ನನ್ನನ್ನ ಸಾಯ್ತಿರೋ ಗಂಡಸು ಮಾಡಿಟ್ಟಿದ್ದೆಯಲ್ಲೋ, ನೆವಿಲ್," ಎಂದಳು ಹಿಲ್ಡಾ ಥರ್ಕೆಲ್. "ನಾನು ಹಾಡಿದ್ದು ನಲವತ್ತೈದಕ್ಕೆ ಕಣೋ."