ವಿಮಾನದಿಂದ ಬಂದ ಆಣೆ

ಬೇವೂರಿನ ಕರಿ ಹೊಲಗಳಲ್ಲಿ ಬಿಳಿಜೋಳ ಮೊಣಕಾಲುದ್ದ ಬಂದಿತ್ತು. ಚಳಿ ಬಲಿಯುವ ಮೊದಲು ಉಣ್ಣೆ ಕತ್ತರಿಸಿ ಮುಗಿಸಬೇಕು. ದಾನಮ್ಮ ಬೆಳಗಿನಿಂದ ಕುರಿದಡ್ಡಿಯ ಮುಂದೆ ಒಂದೊಂದೇ ಕುರಿಯ ಕಾಲು ಕಟ್ಟಿ ಕೆಡವಿ ಕತ್ತರಿ ಆಡಿಸುತ್ತಿದ್ದಳು. ಗಂಡಸರು ಮಾಡುವ ಕೆಲಸ. ಈಗ ಅವಳದಾಗಿತ್ತು. ಕೈಯಲ್ಲಿದ್ದ ಕುರಿ ಸಂಜೆಗೆ ತನ್ನದಾಗಿ ಉಳಿಯುತ್ತದೋ ಇಲ್ಲವೋ, ಅದು ಮಾತ್ರ ಗೊತ್ತಿರಲಿಲ್ಲ.

ಗಂಡ ಕಾಳಪ್ಪ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ದಿನಕರ್ಮ ಮುಗಿಯುತ್ತಲೇ ಮೈದುನ ರಾಜಕುಮಾರ, "ಅಣ್ಣ ಸಾಯೂಕಿಂತ ಮೊದಲ ಹಿಂಡು ನನಗ ಕೊಟ್ಟಾನ" ಎಂದಿದ್ದ. ಕೊಟ್ಟದ್ದನ್ನು ಕಂಡವರಿಲ್ಲ, ಕೊಟ್ಟಿಲ್ಲ ಎನ್ನಲು ಕಾಳಪ್ಪನಿಲ್ಲ. ಹಿಂಡು ಹೋದರೆ ದಾನಮ್ಮನಿಗೆ ಉಳಿಯುವುದು ಮಂದಿಯ ಹೊಲದ ಕೂಲಿ. ಹಿರಿಯರು ತೀರ್ಪನ್ನು ಊರ ದೇವರು ಬೀರಪ್ಪನ ಮೇಲೆ ಹಾಕಿದರು. ರಾಜಕುಮಾರ ಅಂಗೈಯಲ್ಲಿ ದೇವರ ಅರಿಶಿನ, ಭಂಡಾರ ಹಿಡಿದು ಆಣೆ ಮಾಡಿದರೆ ಕುರಿ ಅವನವು.

ಆಣೆಗೆ ಗೊತ್ತು ಮಾಡಿದ ದಿನವೇ ಅವನಿಗೆ ದಿಲ್ಲಿಯ ಕಂಬಳಿ ಮೇಳ ಬಂತು.

"ದಿನಾ ಮುಂದ ಹಾಕಬ್ಯಾಡ್ರಿ" ಎಂದು ಅವನೇ ಹಿರಿಯರಿಗೆ ಹೇಳಿದ್ದ. "ವೈನಿ ಎಷ್ಟ ದಿನಾ ಕಾಯಬೇಕು? ಪೂಜಿ ವ್ಯಾಳ್ಯಾಕ್ಕ ನಾ ವಿಮಾನದಾಗ ಇರ್ತೇನಿ. ಈಗ ಅಲ್ಲೂ ಫೋನ್ ಬಿಡ್ತಾರ. ಅಲ್ಲಿಂದನ ಆಣಿ ಮಾಡ್ತೇನಿ."

ದಾನಮ್ಮ ನಂಬಲಿಲ್ಲ. "ವಿಮಾನಾ ಅಂತ ಹೇಳಿ ಬಾದಾಮ್ಯಾಗ ಯಾವದರ ಖಾನಾವಳ್ಯಾಗ ಕುಂತಿರ್ತಾನ" ಎಂದಳು.

ಅತ್ತೆ ಸತ್ಯವ್ವ ಉಣ್ಣೆಯನ್ನು ಚೀಲಕ್ಕೆ ತುಂಬುತ್ತಿದ್ದಳು. ಸತ್ತವನೂ ಅವಳ ಮಗ, ಇದ್ದವನೂ ಅವಳ ಮಗ. "ಅಂವಾ ಸುಳ್ಳ ಆಣಿ ಮಾಡಂಗಿಲ್ಲ ಬಿಡವಾ. ಬೀರಪ್ಪಗ ಭಾಳ ಅಂಜತಾನ. ಸಣ್ಣಾಂವಿದ್ದಾಗ ಬೆಲ್ಲಾ ಕದ್ದು ತಿಂತಿದ್ದ. ಆಣಿ ಮಾಡಲೇ ಅಂದ್ರ ಈ ಬೇವಿನ ಗಿಡಾ ಏರಿ ಕುಂತು, ನಾ ತಿಂದಿಲ್ಲ, ನಾ ತಿಂದಿಲ್ಲ ಅಂತಿದ್ದ."

"ನಿಮ್ಮ ಬಡಿಗಿಗೆ ಅಂಜಿ ಏರಿರಬೇಕು, ಅತ್ತಿ."

ಮುದುಕಿ ನಕ್ಕಳು. ದಾನಮ್ಮ ನಗಲಿಲ್ಲ.

ಬೀರಪ್ಪನ ಗುಡಿಯ ಅಂಗಳಕ್ಕೆ ಹೋದ ವರ್ಷ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ್ದರು. ಬಾಗಿಲೆದುರು ಒಂದು ತುಂಡು ಮಣ್ಣು ಮಾತ್ರ ಹಾಗೇ ಬಿಟ್ಟಿದ್ದರು. ಆಣೆ ಮಾಡುವವರು ಚಪ್ಪಲಿ ಬಿಟ್ಟು, ಬರಿಗಾಲು ನೆಲಕ್ಕೆ ತಾಗಿಸಿ ನಿಲ್ಲುವ ಜಾಗ. ಪೂಜಾರಿ ಹನಮಂತಪ್ಪ ಅಲ್ಲಿ ನೀರು ಚಿಮುಕಿಸಿದ. ಪಿಕಪ್ ಓಡಿಸುವ ಪ್ರಭುಲಿಂಗ ಫೋನು ಹಿಡಿದು ನಿಂತ.

ವಿಡಿಯೊ ಕರೆ ಬಂತು. ರಾಜಕುಮಾರನ ಮುಖ, ಹಿಂದೆ ತಟ್ಟೆಯಗಲದ ಕಿಟಕಿ.

"ಕಿಟಕಿ ಹೊರಗ ತೋರಸು" ಎಂದಳು ದಾನಮ್ಮ.

ತೋರಿಸಿದ. ಬಿಳಿ ಮೋಡ, ಅದರ ಮೇಲೆ ಬಿಸಿಲು. ಸಮವಸ್ತ್ರದ ಹುಡುಗಿಯೊಬ್ಬಳು ಬಗ್ಗಿ, ಮೆಲ್ಲಗೆ ಮಾತಾಡಿರೆಂದು ಹಿಂದಿಯಲ್ಲಿ ಹೇಳಿ ಹೋದಳು. ದಾನಮ್ಮನ ಅನುಮಾನ ಅಲ್ಲಿಗೆ ಸತ್ತಿತು. ಮೈದುನ ನಿಜವಾಗಿ ವಿಮಾನದಲ್ಲಿದ್ದ.

"ನಮಗಿಂತ ಅವನ ಈಗ ದೇವರಿಗೆ ಸಮೀಪ ಅದಾನ್ರಿ" ಎಂದು ಯಾರೋ ನಗೆಯಾಡಿದರು.

"ಫೋನ್ ಮಣ್ಣಿನ ಮ್ಯಾಲ ಇಡಪಾ" ಎಂದ ಹನಮಂತಪ್ಪ. ಪ್ರಭುಲಿಂಗ ಅದನ್ನು ಒಂದು ತೆಂಗಿನಕಾಯಿಗೆ ಆನಿಸಿ ಆ ತುಂಡು ಮಣ್ಣಿನ ಮೇಲೆ ನಿಲ್ಲಿಸಿದ. ಎಲ್ಲರಿಗೂ ಸಮಾಧಾನವಾಯಿತು.

"ಚಪ್ಪಲಿ ಬಿಟ್ಟೀಯೇನೋ ರಾಜಕುಮಾರ?"

ರಾಜಕುಮಾರ ಫೋನು ಬಗ್ಗಿಸಿ ಬರಿಗಾಲು ತೋರಿಸಿದ. ಕೆಳಗೆ ನೀಲಿ ಜಮಖಾನ. ಮನೆಯಿಂದ ಒಯ್ದಿದ್ದ ಭಂಡಾರ ಅಂಗೈಯಲ್ಲಿತ್ತು. "ಅಲ್ಲೂ ನೇಮಾ ಬಿಟ್ಟಿಲ್ಲ ನೋಡ್ರಿ" ಎಂದು ಜನ ಮೆಚ್ಚಿದರು.

"ಬೀರಪ್ಪನ ಆಣಿ. ಹಿಂಡು ಅಣ್ಣ ನನಗ ಕೊಟ್ಟಾನ."

ಧ್ವನಿ ನಡುಗಲಿಲ್ಲ.

ದಾನಮ್ಮ ಮನೆಗೆ ಬಂದಳು. ಬೀರಪ್ಪನೆದುರು ಹುಸಿ ನುಡಿಯುವ ಎದೆ ರಾಜಕುಮಾರನಿಗಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಹಾಗಾದರೆ ಕಾಳಪ್ಪನೇ ಹೆಂಡತಿಗೆ ಒಂದು ಮಾತು ಹೇಳದೆ ಕೊಟ್ಟುಬಿಟ್ಟನೇ? ಗೋಡೆಯ ಮೇಲಿದ್ದ ಅವನ ಫೋಟೊಕ್ಕೆ ಅಂದು ಅವಳು ದೀಪ ಹಚ್ಚಲಿಲ್ಲ.

ಮರುದಿನ ಬೆಳಗ್ಗೆ ದಡ್ಡಿಯ ಮುಂದೆ ಪಿಕಪ್ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ರಾಜಕುಮಾರ. ದಾನಮ್ಮ ಕೊನೆಯ ಕುರಿಯ ಉಣ್ಣೆ ಕತ್ತರಿಸುತ್ತಿದ್ದಳು.

"ಇಷ್ಟ ಲಗೂ ಬಂದೆಲ್ಲ. ಮೇಳಾ ಹೆಂಗಿತ್ತು?"

ಉತ್ತರ ಕೊಟ್ಟವನು ಹಿಂದಿನ ಹಲಗೆ ಇಳಿಸುತ್ತಿದ್ದ ಪ್ರಭುಲಿಂಗ. "ಎಲ್ಲೀ ಮೇಳಾ ತಗೀ ಯಕ್ಕಾ! ದಿಲ್ಲ್ಯಾಗ ಇಳದಾಂವನ ಮುಂದಿನ ವಿಮಾನಾ ಹತ್ತಿ ತಿರುಗಿ ಬಂದಾನ. ಹುಬ್ಬಳ್ಳಿಗೆ ನಾನ ಹೋಗಿ ಕರಕೊಂಡ ಬಂದೆ. ಕೈಯಾಗ ಒಂದ ಕಂಬಳಿ ಸೈತ ಇಲ್ಲ. ರೊಕ್ಕಾ ಹೆಚ್ಚಾಗಿತ್ತು, ಸುಮ್ಮನ ಹಾರಿ ಬಂದಾನ ನಿನ್ನ ಮೈದುನ."

"ಬಾಯಿ ಮುಚ್ಚಲೇ ಪ್ರಭ್ಯಾ."

ದಾನಮ್ಮನ ಕತ್ತರಿ ನಿಂತಿತು. ಅವಳು ಬೇವಿನ ಗಿಡದತ್ತ ಒಮ್ಮೆ ನೋಡಿದಳು. ಅತ್ತೆಯೂ ಅತ್ತಲೇ ನೋಡುತ್ತಿದ್ದಳು, ಉಣ್ಣೆ ಹಿಡಿದ ಕೈ ಚೀಲದ ಬಾಯಲ್ಲೇ ಉಳಿದಿತ್ತು.

"ಮಣ್ಣಿನ ಮ್ಯಾಲ ಫೋನ್ ಇತ್ತು, ರಾಜಕುಮಾರ. ನೀ ಇದ್ದಿಲ್ಲ." ದಾನಮ್ಮ ಎದ್ದು ಗಾಡಿಯ ಬಾಗಿಲು ತೆರೆದು ಕತ್ತರಿಯಿಂದ ನೆಲ ತೋರಿಸಿದಳು. "ಚಪ್ಪಲಿ ಬಿಟ್ಟು ಇಳಿ. ಇಲ್ಲಿ ನಿಂತು ಅದನ್ನ ಇನ್ನೊಮ್ಮಿ ಅನ್ನು. ನಾನ ಕುರಿ ಹಿಡದು ಏರಸ್ತೇನಿ."

ರಾಜಕುಮಾರ ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, "ಪ್ರಭ್ಯಾ, ಕುರಿ ಏರಸು" ಎಂದ.