ಓಡಿಸಿದವರ ಮಾತು

ಆ ಸದ್ದು ಮತ್ತೆ ಬಂತು. ಕಟ್, ಕಟ್, ಕಟ್. ಎಟಿವಿ ಬೈಕು ಗುಡ್ಡದ ನೆತ್ತಿಯಿಂದ ಇಳಿಯತೊಡಗಿ, ಮಾವ ಆಕ್ಸಿಲರೇಟರ್ ಮೇಲಿನ ಹೆಬ್ಬೆರಳು ಸಡಿಲಿಸಿದ ಕೂಡಲೇ. ಬುಡದಲ್ಲಿ ನಿಂತಿದ್ದ ಅವಳ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು.

ಮಾವ ಗಾಡಿಯನ್ನು ಅವಳೆದುರೇ ತಂದು ನಿಲ್ಲಿಸಿ ಹೆಲ್ಮೆಟ್ ತೆಗೆದರು. ಹೊಸ ಹೆಲ್ಮೆಟ್. ಕ್ಲಚ್ ಕಿಟ್ ಮಾರುವವನು ಹೋದ ವಾರ ಉಡುಗೊರೆ ಕೊಟ್ಟದ್ದು.

"ಏನಾದ್ರೂ ಸದ್ದು ಬಂತಾ ಮಾವ?"

"ಏನೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳೀತು."

"ಇಳಿಯೋವಾಗ ಕಟಕಟ ಅನ್ಲಿಲ್ವಾ?"

"ಹತ್ತೋವಾಗ ಹುಲಿ, ಇಳಿಯೋವಾಗ ಹಸು. ಪಾಸು ಅಂತ ಬರ್ಕೊ."

ಹೇಳುವಾಗ ಅವಳ ಕಣ್ಣು ನೋಡಲಿಲ್ಲ. ದೃಷ್ಟಿ ಅವಳ ಗಲ್ಲದ ಹತ್ತಿರವೇ ಸುಳಿಯುತ್ತಿತ್ತು. ಇತ್ತೀಚೆಗೆ ಹಾಗೇ ಆಗಿತ್ತು. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದರು.

ಗುಡ್ಡ ಹತ್ತುವ ಈ ನಾಲ್ಕು ಚಕ್ರದ ಬೈಕುಗಳ ರಿಪೇರಿಯನ್ನು ಅವಳು ಕಲಿತದ್ದು ಈ ಸೋದರಮಾವನ ಗ್ಯಾರೇಜಿನಲ್ಲೇ. ಅಲ್ಲಿನ ಕಟ್ಟಳೆಗಳೂ ಮಾವನವೇ. ಬಿಡಿಭಾಗ ಜೋಡಿಸಿದವರು ಪರೀಕ್ಷೆಗೆ ಓಡಿಸುವಂತಿಲ್ಲ. ಹೆತ್ತವರಿಗೆ ಹೆಗ್ಗಣವೂ ಮುದ್ದು. ಓಡಿಸಿದವರು ಏನು ಹೇಳುತ್ತಾರೋ ಅದೇ ಕೊನೆಯ ಮಾತು. ಅದರ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

ಈ ಸಲ ಜೋಡಿಸಿದವಳು ಅವಳು. ಗಾಡಿ ನರ್ಸಮ್ಮನದು. ಗುಡ್ಡದ ಮೇಲಿನ ಮನೆಗಳಿಗೆ ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಅವರೊಬ್ಬರೇ ಹೋಗಿ ಬರುತ್ತಾರೆ. ಭಾರ ಹೊತ್ತಾಗ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ ಎಂದು ಅವರು ದೂರಿದ್ದಕ್ಕೆ, ಹೊರಗಿನವನೊಬ್ಬ ಮಾರುವ ಹೊಸ ಕ್ಲಚ್ ಕಿಟ್ ಹಾಕಿದ್ದಾಯಿತು. ಏರಿಗೆ ಅದು ಚೆನ್ನಾಗಿಯೇ ಇತ್ತು. ಆದರೆ ಇಳಿಜಾರಿನಲ್ಲಿ ಕ್ಲಚ್ ಮುರಿದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಅಷ್ಟು ಭಾರವನ್ನು ಬರೀ ಬ್ರೇಕು ತಡೆಯುವುದಿಲ್ಲ. ಗಾಡಿ ಪ್ರಪಾತಕ್ಕೆ ಹೋದರೆ ನರ್ಸಮ್ಮನೂ ಅಲ್ಲಿಗೇ.

ಅವತ್ತು ಮಧ್ಯಾಹ್ನವೇ ಅವರು ಗಾಡಿ ಒಯ್ಯಲು ಬರುವವರಿದ್ದರು.

ಮಾವ ಊಟಕ್ಕೆ ಹೋದರು. ಅವಳಿಗೆ ಡಬ್ಬಿ ತೆರೆಯುವ ಮನಸ್ಸಾಗಲಿಲ್ಲ. ಸ್ಪ್ಯಾನರ್ ಎತ್ತಿದಳು, ಇಟ್ಟಳು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು.

ಕಿಟ್‌ನವನು ಬಂದ ದಿನ ಅವಳಿಗೆ ನೆನಪಿತ್ತು. ಮಾವನ ಹೆಗಲ ಮೇಲೆ ಕೈ ಹಾಕಿ, ಮೂಲೆಗೆ ಕರೆದೊಯ್ದು ಏನೇನೋ ಪಿಸುಗುಟ್ಟಿದ್ದ. ಮಾವ ಎಲ್ಲದಕ್ಕೂ ತಲೆಯಾಡಿಸಿದ್ದರು. ಏನಂದ ಎಂದು ಆಮೇಲೆ ಕೇಳಿದರೆ, ಏನಿಲ್ಲ, ಹಾಗೇ ಎಂದು ಜಾರಿಕೊಂಡಿದ್ದರು. ಅಲ್ಲಿಂದ ಮುಂದೆ ಅವಳ ಲೆಕ್ಕಕ್ಕೆ ಎಲ್ಲವೂ ಸೇರತೊಡಗಿತು. ಫೋನ್ ಬಂದರೆ ಎತ್ತುವುದಿಲ್ಲ, ಮೆಸೇಜು ಮಾಡಲಿ ಅನ್ನುತ್ತಾರೆ. ಗಾಡಿ ಚಾಲೂ ಮಾಡಿ, ಜ್ವರ ನೋಡುವ ತಾಯಿಯ ಹಾಗೆ ಎಂಜಿನ್ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ನೋಡುವವರಿಗೆ ಎಷ್ಟು ಕಾಳಜಿ ಅನ್ನಿಸಬೇಕು. ಮೊನ್ನೆ ಅತ್ತೆಯೂ ಅವಳ ಹತ್ತಿರ ಗೊಣಗಿದ್ದರು:

"ಕೇಳೋದೊಂದು, ಅವರು ಹೇಳೋದೊಂದು. ಏನೋ ಮುಚ್ಚಿಡ್ತಿದ್ದಾರೆ ಕಣೇ ನಿನ್ನ ಮಾವ."

ಅವಳು ಕಟ್ಟಳೆ ಮುರಿದಳು. ಕೀಲಿ ತಿರುಗಿಸಿದಳು. ಶೆಡ್ಡಿನ ತೊಲೆಯ ಮೇಲಿದ್ದ ಪಾರಿವಾಳಗಳು ಪಟಪಟನೆ ಹೊರಗೆ ಹಾರಿದವು. ಇಷ್ಟು ವರ್ಷವಾದರೂ ಅವು ಎಂಜಿನ್ನಿಗೆ ಒಗ್ಗಿರಲಿಲ್ಲ.

ಏರಿದಳು. ಇಳಿದಳು. ಸೀಟಿನ ಮೇಲೆ ಕೂತರೆ ಆ ಸದ್ದು ಇನ್ನೂ ಜೋರು. ಹೆಲ್ಮೆಟ್ಟಿನೊಳಗೇ ಯಾರೋ ಸುತ್ತಿಗೆ ಬಡಿದ ಹಾಗೆ. ಓಡಿಸಿದವರಿಗೆ ಅದು ಗೊತ್ತಾಗದೆ ಇರುವುದು ಸಾಧ್ಯವೇ ಇರಲಿಲ್ಲ.

ಶೆಡ್ಡಿಗೆ ತಂದು ಕ್ಲಚ್ಚಿನ ಮುಚ್ಚಳ ಬಿಚ್ಚಿದಳು. ಕಿಟ್ಟಿನ ಹೊಸ ಪಿನ್ನು ಅಡ್ಡಕ್ಕೆ ಸೀಳಿಹೋಗಿತ್ತು. ಇನ್ನೊಂದು ಇಳಿಜಾರು ತಾಳಿದ್ದರೆ ಹೆಚ್ಚು.

ಕೈತೊಳೆದು ಬರುವ ಹೊತ್ತಿಗೆ ಮಾವ ಊಟ ಮುಗಿಸಿ ಬಂದಿದ್ದರು. ಅವಳಿಗೆ ಬೆನ್ನು ಹಾಕಿ, ಮೂಲೆಯಲ್ಲಿದ್ದ ಇನ್ನೊಂದು ಗಾಡಿಯ ಚಕ್ರಕ್ಕೆ ಗ್ರೀಸ್ ಹಚ್ಚುತ್ತ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವಳು ಬಂದದ್ದಕ್ಕೆ ತಿರುಗಿಯೂ ನೋಡಲಿಲ್ಲ.

"ನಾನೇ ಓಡಿಸ್ದೆ ಮಾವ. ಪಿನ್ನು ಸೀಳಿಹೋಗಿದೆ."

ಬೆನ್ನು ಅಲುಗಲಿಲ್ಲ.

"ಒಂದು ಹೆಲ್ಮೆಟ್ಟಿಗೆ ನರ್ಸಮ್ಮನ ಜೀವ ಮಾರಿದ್ರಾ?"

ಗ್ರೀಸ್ ಹಚ್ಚುವ ಬೆರಳು ಅದೇ ಲಯದಲ್ಲಿ ಸುತ್ತುತ್ತಿತ್ತು. ಬೈದಿದ್ದರೂ ಆಗುತ್ತಿತ್ತು. ಎದ್ದು ಬಂದು ಕೆನ್ನೆಗೆ ಬಾರಿಸಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಹೀಗೆ ಹುಳುವನ್ನು ನೋಡಿದ ಹಾಗೆ ಸುಮ್ಮನಿರುವುದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ನಿಮ್ಮನ್ನ ನೋಡಿ ಈ ಕೆಲಸಕ್ಕೆ ಬಂದೋಳು ನಾನು. ಇಲ್ಲ ಅಂತಾದ್ರೂ ಹೇಳಿ. ಸುಳ್ಳಾದ್ರೂ ಪರವಾಗಿಲ್ಲ, ಹೇಳಿ."

ಮಾವ ಗ್ರೀಸಿನ ಡಬ್ಬಿಗೆ ಮತ್ತೆ ಬೆರಳದ್ದಿದರು. ಮೌನವೇ ಒಪ್ಪಿಗೆ ಎಂದುಕೊಂಡಳು. ನಾಳೆಯಿಂದ ತಾನು ಈ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಬಿಚ್ಚಿಟ್ಟಿದ್ದ ಕಬ್ಬಿಣದ ಮುಚ್ಚಳವನ್ನೆತ್ತಿ, ಮಾವನ ಹಿಂದಿದ್ದ ಖಾಲಿ ಡ್ರಮ್ಮಿಗೆ ಶಕ್ತಿಯೆಲ್ಲ ಹಾಕಿ ಬೀಸಿ ಹೊಡೆದಳು.

ತಗಡಿನ ಶೆಡ್ಡು ಪೂರಾ ಮೊಳಗಿತು. ಆಗಷ್ಟೇ ಬಾಗಿಲಿಗೆ ಬಂದಿದ್ದ ನರ್ಸಮ್ಮ ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟರು. ಮರಳಿ ಬಂದು ಕೂತಿದ್ದ ಪಾರಿವಾಳಗಳು ಒಂದರ ಮೇಲೊಂದು ಬಿದ್ದು ಹೊರಗೆ ಹಾರಿದವು. ಒಂದು ಗರಿ ತೇಲುತ್ತ ಇಳಿದು ಮಾವನ ಮುಂಗೈಯ ಗ್ರೀಸಿಗೆ ಅಂಟಿಕೊಂಡಿತು.

ಮಾವ ಆ ಗರಿಯನ್ನು ನೋಡಿದರು, ಆಮೇಲೆ ತಲೆಯೆತ್ತಿ ಖಾಲಿ ತೊಲೆಯನ್ನು ನೋಡಿ ತಮ್ಮಷ್ಟಕ್ಕೆ ತಾವೇ ಅಂದುಕೊಂಡರು: "ಯಾಕೆ ಹಾರಿದ್ವಪ್ಪ ಇವು, ಎಂಜಿನ್ನೂ ಚಾಲೂ ಇಲ್ಲ?"