ಮೂರನೆಯ ಗುಂಡಿ

ಗದಗಿನ ಪ್ರೆಸ್ಸೊಂದರಲ್ಲಿ ದಾಕ್ಷಾಯಣಿ ತೀರಿಹೋದ ಅವ್ವನ ಶಿವಗಣಾರಾಧನೆಯ ಪತ್ರಿಕೆ ಮಾಡಿಸಲು ಕುಳಿತಿದ್ದಳು. ಪ್ರೆಸ್ಸಿನ ಮಡಿವಾಳಪ್ಪನ ಕೀಬೋರ್ಡಿಗೂ ಎಲ್ಲ ಕಡೆಯಂತೆ ಮೂರೇ ಗುಂಡಿ. ಕಂಪ್ಯೂಟರ್ ಮುಂದಿನ ಪದಕ್ಕೆ ಮೂರು ಸಲಹೆ ಕೊಡುತ್ತದೆ, ಜನ ಒಂದನ್ನು ಒತ್ತುತ್ತಾರೆ. ಅಕ್ಷರ ಕೂಡಿಸಿ ಬರೆಯುವುದನ್ನು ಊರು ಯಾವಾಗಲೋ ಮರೆತಿತ್ತು.

‘ಲಿಂಗೈಕ್ಯ ಗೌರವ್ವನವರು’ ಎಂದಾದ ಮೇಲೆ ಪರದೆಯಲ್ಲಿ ಮೂಡಿದವು: ಶಾಂತಮೂರ್ತಿ, ಸಹನಾಮಯಿ, ಮಿತಭಾಷಿ.

“ಮೂರೂ ಸುಳ್ಳು,” ಎಂದಳು ದಾಕ್ಷಾಯಣಿ. “ನಮ್ಮವ್ವ ಜಗಳಗಂಟಿ. ಆಕಿ ಜಗಳಾ ಮಾಡಿದ್ದಕ್ಕನ ನಮ್ಮ ಓಣಿಗೆ ನಳ ಬಂತು.”

“ಆ ಪದ ಇದರಾಗ ಬರಂಗಿಲ್ರಿ ಅಕ್ಕಾರ. ಸಹನಾಮಯಿ ಒತ್ತಲೇನ್ರಿ? ಎಲ್ಲಾರೂ ಅದನ್ನ ಹಾಕಸ್ತಾರ.”

“ಎಲ್ಲಾರ ಅವ್ವ ಅಲ್ಲ, ನಮ್ಮವ್ವ.”

ಅವಳು ಚೀಲದಿಂದ ಅಕ್ಷರಗಳಿದ್ದ ಹಳೆಯ ಕೀಬೋರ್ಡನ್ನು ತೆಗೆದಳು. ಗೌರವ್ವ ನಗರಸಭೆಗೆ ತಕರಾರು ಬರೆದು ಬರೆದು ಸವೆಸಿದ್ದು ಅದು. ಮಡಿವಾಳಪ್ಪ ಗೊಣಗುತ್ತ ಜೋಡಿಸಿಕೊಟ್ಟ. ದಾಕ್ಷಾಯಣಿ ಒಂದೊಂದೇ ಅಕ್ಷರ ಹುಡುಕಿ ‘ಜಗಳಗಂಟಿ’ ಎಂದು ಬರೆದಳು. ಕಂಪ್ಯೂಟರ್ ಅದನ್ನು ಅಳಿಸಿ ಸಹನಾಮಯಿ ಎಂದಿತು. ಮತ್ತೆ ಬರೆದಳು. ಮತ್ತೆ ಅಳಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಶುರುಮಾಡಿದಳು. ಚಹಾ ಬಂದು ಆರಿಹೋಯಿತು. ಕೊನೆಗೆ ಪದ ನಿಂತಿತು.

ಅವಳೆದ್ದ ಕುರ್ಚಿಗೆ, ಅಷ್ಟೊತ್ತು ಕಾಯುತ್ತಿದ್ದ ಮುದುಕನೊಬ್ಬ ಬಂದು ಕುಳಿತ. ಅವನದು ತೀರಿಹೋದ ಹೆಂಡತಿಯ ಪತ್ರಿಕೆ. ಅವಳ ಹೆಸರಿನ ಮುಂದೆ ಸಲಹೆಗಳು ಮೂಡಿದವು: ಶಾಂತಮೂರ್ತಿ, ಸಹನಾಮಯಿ, ಜಗಳಗಂಟಿ.

ಮಡಿವಾಳಪ್ಪನ ಬೆರಳು ಎಂದಿನಂತೆ ಎರಡನೆಯ ಗುಂಡಿಗೆ ಹೋಯಿತು. ಮುದುಕ ಅವನ ಕೈ ಹಿಡಿದ.

“ತಡೀಪಾ. ನಮ್ಮಾಕಿ ಇಲ್ಲೇ ಅದಾಳಲ್ಲ,” ಎಂದವನೇ ಮೂರನೆಯದನ್ನು ತಾನೇ ಒತ್ತಿದ.